ಬೆಳ್ಳಿಯ ಹಳದಿ ನೀರಿಗೆ ಶಿವಬಸವ್ವನ ಕಾವಲು

ಬಾಗಲಕೋಟೆಯ ವಿದ್ಯಾಗಿರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲೇಜೊಂದರ ಹಿಂಬದಿಯ ಪುಟ್ಟ ಪ್ರಯೋಗಾಲಯದ ಮುಂದೆ ಆಗಲೇ ಜಗಳ ಶುರುವಾಗಿದೆ. ಕಾವಲುಗಾರ ರಾಜಮಹ್ಮದ ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕಿ, ಅದೇ ಕೈಯಲ್ಲಿ ಕೀಲಿಕೈ ಮುಂದೆ ಚಾಚಿದ್ದಾರೆ. ಎದುರಿಗೆ ನಿಂತ ಶಿವಬಸವ್ವ ಹಾವು ಕಂಡವರಂತೆ ಹಿಂದೆ ಸರಿದಿದ್ದಾರೆ.

"ಆ ಸುಣ್ಣದ ಕೈಲೆ ಕೊಡಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕ್ರಿ ನಿಮಗ? ಅಲ್ಲೇ ಕಟ್ಟಿ ಮ್ಯಾಲ ಇಡ್ರಿ, ನಾ ತೊಳಕೊಂತೇನಿ."

"ಕೀಲಿಕೈಗೂ ಮಡಿ ಬಂತೇನ್ರಿ ಅಕ್ಕಾರ?" ಎಂದು ರಾಜಮಹ್ಮದ ನಗುತ್ತಾರೆ. ದಿನಾ ಇದೇ ಮಾತು, ದಿನಾ ಇದೇ ನಗು. ಶಿವಬಸವ್ವ ಮಾತ್ರ ಒಂದು ದಿನವೂ ನಕ್ಕಿಲ್ಲ. ಕೀಲಿಕೈಯನ್ನು ಎರಡು ಬೆರಳಲ್ಲಿ ಎತ್ತಿ, ನಳದ ಕೆಳಗೆ ಹಿಡಿದು, ಸೆರಗಿಗೂ ಒರೆಸದೆ ಗಾಳಿಯಲ್ಲೇ ಆರಿಸಿ ಬಾಗಿಲು ತೆಗೆಯುತ್ತಾರೆ.

ಇಷ್ಟು ನಸುಕಿನಲ್ಲೇ ಬರಲು ಕಾರಣ ಕರೆಂಟು. ಬೆಳಗಿನ ಒಂದೆರಡು ತಾಸು ಅದು ನೆಟ್ಟಗಿರುತ್ತದೆ. ಆಮೇಲೆ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಕೊಡುವವರಿಗೇ ಗೊತ್ತಿಲ್ಲ. ಅಷ್ಟರೊಳಗೆ ಶಿವಬಸವ್ವ ಬಟ್ಟಿ ಇಳಿಸಿದ ನೀರು ಅಳೆದು, ಅದರಲ್ಲಿ ಬೆಳ್ಳಿಯ ಲವಣ ಕರಗಿಸಿ, ಕಾಗದದಲ್ಲಿ ಸೋಸಿ, ಗಾಜಿನ ಪಾತ್ರೆಯಲ್ಲಿ ಕುದಿಯಲು ಇಡಬೇಕು. ಕುದಿ ಬಂದ ಮೇಲೆ ಇನ್ನೊಂದು ಲವಣದ ನೀರನ್ನು ಹನಿಹನಿಯಾಗಿ ಬಿಡಬೇಕು. ಮೊದಮೊದಲು ಏನೂ ಆಗುವುದಿಲ್ಲ. ನೋಡುವವನಿಗೆ ಆಕಳಿಕೆ ಬರುತ್ತದೆ. ಆಮೇಲೆ ತಿಳಿನೀರು ಮೆಲ್ಲಗೆ ಕಡಲೆಬೇಳೆ ನೆನೆಸಿದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಆ ಹಳದಿಯೇ ಬೆಳ್ಳಿ. ಕೂದಲೆಳೆಯನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ಸಣ್ಣದೋ, ಅದಕ್ಕಿಂತಲೂ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುವ ಬೆಳ್ಳಿ. ಓದಿದವರು ಅದನ್ನು ನ್ಯಾನೋ ಕಣ ಎನ್ನುತ್ತಾರೆ. ಶಿವಬಸವ್ವ "ಹಳದಿ ನೀರು" ಎನ್ನುತ್ತಾರೆ.

ಈ ಹಳದಿ ನೀರನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಗಟ್ಟಿ ಮಾಡಿದರೆ ಬೆಳ್ಳಿಯ ಶಾಯಿ ಸಿಗುತ್ತದೆ. ಲಗ್ನಪತ್ರಿಕೆ ಛಾಪಿಸುವಂತೆಯೇ ಜಾಳಿಗೆ ಬಟ್ಟೆಯ ಮೂಲಕ ಆ ಶಾಯಿಯನ್ನು ತೆಳ್ಳನೆಯ ಪಿಂಗಾಣಿ ಪಟ್ಟಿಯ ಮೇಲೆ ಗೆರೆಯಾಗಿ ಒತ್ತುತ್ತಾರೆ. ಅದು ಬಿಸಿ ಅಳೆಯುವ ಪಟ್ಟಿ. ಅಣುಸ್ಥಾವರದೊಳಗೆ ಕೊಳವೆಗಳ ಸಂದಿಯಲ್ಲಿ, ದಪ್ಪನೆಯ ಉಷ್ಣಮಾಪಕ ತೂರಿಸಲು ಜಾಗವೇ ಇಲ್ಲದ ಕಡೆ, ಈ ಪಟ್ಟಿಯನ್ನು ಕೂರಿಸಬೇಕೆಂಬುದು ಯೋಜನೆ. ಬಿಸಿ ಏರಿದಂತೆ ಬೆಳ್ಳಿಗೆರೆಯಲ್ಲಿ ಕರೆಂಟು ಹರಿಯುವುದು ಕಷ್ಟವಾಗುತ್ತದೆ. ಎಷ್ಟು ಕಷ್ಟವಾಯಿತೆಂದು ಹೊರಗೆ ಕುಳಿತು ಅಳೆದರೆ ಒಳಗಿನ ಬಿಸಿ ತಿಳಿಯುತ್ತದೆ. ಗೆರೆ ಒಂದೇ ಸಮ ಇರಬೇಕಾದರೆ ಕಣಗಳು ಒಂದೇ ಸಮ ಇರಬೇಕು. ಕಣಗಳಿಗೋ ಅಡುಗೆ ಉಪ್ಪೆಂದರೆ ಆಗದು. ಚಿಟಿಕೆ ಉಪ್ಪಿನ ಅಂಶ ಸೋಕಿದರೂ ಅವು ಗುಂಪು ಕಟ್ಟಿ, ಹಳದಿ ನೀರು ಪಾತ್ರೆ ತೊಳೆದ ಬೂದಿ ನೀರಾಗಿಬಿಡುತ್ತದೆ.

ಇದನ್ನೆಲ್ಲ ಜನರಿಗೆ ಹೇಳಿ ಹೇಳಿ ಶಿವಬಸವ್ವನವರಿಗೆ ಸಾಕಾಗಿದೆ. "ಬೆಳ್ಳಿ ಮಾಡ್ತೀಯಂತಲ್ಲ, ನನಗೊಂದ ಜೋಡಿ ಕಾಲುಂಗುರ ಮಾಡಿಕೊಡು" ಎಂದು ನೀರಿಗೆ ಬಂದ ಹೆಂಗಸರು ಕೇಳುತ್ತಾರೆ. ಅಣು ಎಂಬ ಶಬ್ದ ಕಿವಿಗೆ ಬಿದ್ದವರು ಬಾಂಬೇ ಎಂದು ತಿಳಿದಿದ್ದಾರೆ. ಒಬ್ಬ ಮನೆ ಮಾಲೀಕರಂತೂ, "ನೀವು ಮನಿಗೆ ಏನೂ ತರೂದಿಲ್ಲ ಹೌದಿಲ್ಲೋ?" ಎಂದು ಕೇಳಿದ ಮೇಲೆಯೇ ಬಾಡಿಗೆಗೆ ಕೊಟ್ಟರಂತೆ. "ಏನ ತರಲ್ರಿ? ಹಳದಿ ನೀರ ತರ್ಲೇನು? ತಲಿ ಚಿಟ್ಟ ಹಿಡದ ಹೋಗತೈತಿ ಈ ಮಂದಿ ಸಂಗಾಟ" ಎಂದು ಅವರು ಹನಿ ಬಿಡುವ ಕೊಳವೆಯಿಂದ ಕಣ್ಣು ಕೀಳದೆಯೇ ಗೊಣಗುತ್ತಾರೆ.

ಶಿವಬಸವ್ವ ಇಳಕಲ್ಲಿನವರು. ನೇಕಾರರ ಮನೆ. ತಂದೆ ನೂಲಿಗೆ ಬಣ್ಣ ಹಾಕುತ್ತಿದ್ದರು, ತಾಯಿ ಬಾಳವ್ವ ಇಂದಿಗೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂರುತ್ತಾರೆ. ಮಗಳು ಎಂಟನೆಯ ವಯಸ್ಸಿಗೇ ಮಗ್ಗ ಹತ್ತಿದವರು. ಶಾಲೆ ಬಿಡದೆ ಪಿಯುಸಿಯವರೆಗೆ ಓದಿದ್ದು ತಾಯಿಯ ಹಟ. ಗಂಡ ಮಲಕಪ್ಪ ಗ್ರಾನೈಟ್ ಪಾಲಿಶ್ ಕೆಲಸಕ್ಕೆಂದು ಬಾಗಲಕೋಟೆಗೆ ಬಂದಾಗ ಜೊತೆಗೆ ಬಂದರು. ಗಾಜು ತೊಳೆಯುವವರು ಬೇಕೆಂದು ಕಾಲೇಜಿನವರು ಕರೆದರು, ಹೋದರು. ಗಾಜು ತೊಳೆಯುತ್ತ ತೊಳೆಯುತ್ತ, ಬಣ್ಣದ ಮನೆಯಲ್ಲಿ ಬೆಳೆದ ಕಣ್ಣಿಗೆ ಹಳದಿಯ ಹದ ಸಿಕ್ಕಿತು. ಈ ಯೋಜನೆ ನಡೆಸುವ ಪ್ರಾಧ್ಯಾಪಕ ಬಾದಾಮಿಯ ತಿಮ್ಮಣ್ಣ ಒಂದು ದಿನ ಪಾತ್ರೆಯನ್ನೇ ಅವರ ಕೈಗೆ ಕೊಟ್ಟರು. ಗಂಡನ ಮೈತುಂಬ ಕಲ್ಲಿನ ಧೂಳು, ಹೆಂಡತಿಗೆ ಧೂಳೆಂದರೆ ಆಗದು. ಮಲಕಪ್ಪ ಸ್ನಾನವಾಗದೆ ಹೊಸ್ತಿಲು ದಾಟುವಂತಿಲ್ಲ. ಸಂಸಾರ ಹೀಗೂ ನಡೆಯುತ್ತದೆ.

ಪ್ರಯೋಗಾಲಯದಲ್ಲಿ ಶಿವಬಸವ್ವನವರ ಕಾನೂನು ಇನ್ನೂ ಬಿಗಿ. ಒಳಗೆ ಚಹಾ ಇಲ್ಲ, ಚುರುಮುರಿ ಇಲ್ಲ, ಬಳೆ ಇಲ್ಲ. ಹಣೆಯ ವಿಭೂತಿ ಬಾಗಿದಾಗ ಉದುರುತ್ತದೆಂದು ತಿಮ್ಮಣ್ಣನವರನ್ನೇ ನಳದ ಕಡೆ ಕಳಿಸಿದ್ದುಂಟು. ಒಂದು ಆಯುಧಪೂಜೆಗೆ ಅವರು ಬನಶಂಕರಿಯ ಕುಂಕುಮ ತಂದು, ತಿರುಗುವ ಯಂತ್ರಕ್ಕೆ ಹಚ್ಚಲು ಹೊರಟಿದ್ದರಂತೆ. ಶಿವಬಸವ್ವ ಎರಡೂ ಕೈ ಅಗಲಿಸಿ ಬಾಗಿಲಲ್ಲಿ ನಿಂತರು. ಪೂಜೆ ಬೀಗಕ್ಕೆ ನಡೆಯಿತು. ತೆಂಗಿನಕಾಯಿ ಅಂಗಳದಲ್ಲಿ ಒಡೆಯಿತು.

"ದೇವಿಗೆ ಸಿಟ್ಟ ಬರಂಗಿಲ್ಲೇನಬೇ?" ಎಂದು ತಿಮ್ಮಣ್ಣ ಕೇಳಿದಾಗ, "ದೇವಿ ಶ್ಯಾಣ್ಯಾಕಿ ಅದಾಳ್ರಿ ಸರ, ತಿಳಕೊಂತಾಳ. ಈ ನೀರಿಗೆ ತಿಳಿಯಂಗಿಲ್ಲ" ಎಂದರಂತೆ.

ಇಂಥ ಶಿವಬಸವ್ವನವರ ಪಾತ್ರೆಯೇ ಈ ವರ್ಷ ಸಂಕ್ರಾಂತಿ ಕಳೆದದ್ದೇ ತಡ ಕೆಡತೊಡಗಿತು. ಒಂದು ದಿನ ಬೂದಿ ನೀರು. ಕರೆಂಟಿನ ತಪ್ಪಿರಬಹುದು ಎಂದುಕೊಂಡರು. ಮರುದಿನವೂ ಬೂದಿ. ಆಮೇಲೆ ಒಂದು ದಿನ ಹಳದಿ ಬಂತೆಂದು ಹಿಗ್ಗಿದರೆ, ಮುಂಜಾನೆ ನೋಡುವಾಗ ತಳದಲ್ಲಿ ಕಪ್ಪು ಗಸಿ. ಕೆಡುವುದಕ್ಕೂ ಹೊತ್ತು-ಗೊತ್ತು ಬೇಡವೇ? ಅತ್ತ ಕರ್ನಾಟಕದಾಚೆಯ ಸ್ಥಾವರವೊಂದು ಯುಗಾದಿಯ ಹೊತ್ತಿಗೆ ದುರಸ್ತಿಗೆಂದು ನಿಲ್ಲುವುದಿತ್ತು. ನಿಂತಾಗಷ್ಟೇ ಒಳಗೆ ಹೋಗಿ ಪಟ್ಟಿ ಕೂರಿಸಲು ಸಾಧ್ಯ. ಆ ಗಡುವು ತಪ್ಪಿದರೆ ಮತ್ತೆ ಒಂದೂವರೆ ವರ್ಷ ಕಾಯಬೇಕು, ಅಲ್ಲಿಯವರೆಗೆ ಈ ಯೋಜನೆಯನ್ನು ಯಾರೂ ಸಾಕುವುದಿಲ್ಲ. ಕೋಣೆಗೆ ಬೀಗ ಬೀಳುತ್ತದೆ, ಶಿವಬಸವ್ವನವರ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಕೋಣೆ ತೆರವಾದರೆ ಕ್ರಿಕೆಟ್ ಸಾಮಾನು ಇಡಬಹುದೆಂದು ಒಬ್ಬರು ಆಗಲೇ ಬಂದು ಗೋಡೆ ಅಳೆದುಕೊಂಡು ಹೋಗಿದ್ದರು.

ಮೊದಲ ಗುಮಾನಿ ನೀರಿನ ಮೇಲೆ ಬಂತು. ಈ ಕಡೆಯ ಕೊಳವೆಬಾವಿಯ ನೀರು ಸವಳು. ಬಟ್ಟಿ ಇಳಿಸುವ ಸುರುಳಿಗೆ ಬೆರಳು ದಪ್ಪ ಸುಣ್ಣ ಕಟ್ಟುತ್ತದೆ. ಸುರುಳಿ ಕೆರೆದರು, ನೀರನ್ನು ಎರಡೆರಡು ಸಲ ಬಟ್ಟಿ ಇಳಿಸಿದರು. ಆಮೇಲೆ ಗುಮಾನಿ ಸಂಕ್ರಾಂತಿಯ ಹೊತ್ತಿಗೆ ಹೊಸದಾಗಿ ಬಂದ ಸೋಸುವ ಕಾಗದದ ಮೇಲೆ ಬಂತು. ಹಳೆಯದು ದಪ್ಪ, ಇದು ತೆಳ್ಳಗೆ, ಒಂದಕ್ಕೊಂದು ಅಂಟಿಕೊಳ್ಳುವ ಜಾತಿ. ಅಲ್ಲಿ ಸಂಶೋಧನೆ ಮಾಡುವ ಹುಡುಗಿ ಶಹರಬಾನು ಒಂದು ಕಾಗದವನ್ನು ಚಿಮಟದಲ್ಲಿ ಎತ್ತಿ, ಹಳೆಯ ಒಳ್ಳೆಯ ಹಳದಿ ನೀರಲ್ಲಿ ಅದ್ದಿ ನೋಡಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಕಾಗದ ನಿರಪರಾಧಿ ಎಂದಾಯಿತು.

ನೀರಲ್ಲ, ಕಾಗದವಲ್ಲ ಎಂದ ಮೇಲೆ ಉಳಿದದ್ದು ಮನುಷ್ಯರು. ಬಕ್ರೀದ್‌ಗೆ ಹಚ್ಚಿಕೊಂಡ ಮದರಂಗಿ ಶಹರಬಾನುವಿನ ಕೈಯಲ್ಲಿ ಇನ್ನೂ ಕೆಂಪಗಿತ್ತು. ಹಬ್ಬವೂ ಸಂಕ್ರಾಂತಿಯೂ ಈ ಸಲ ಒಂದೇ ವಾರದಲ್ಲಿ ಬಂದಿದ್ದವು. ಶಿವಬಸವ್ವನವರ ಕಣ್ಣು ಅಲ್ಲಿಗೇ ಹೋಯಿತು. ತಿಮ್ಮಣ್ಣನವರ ಎದುರಿಗೇ ಅಂದುಬಿಟ್ಟರು: "ಇನ್ನೇನ ನೋಡ್ತೀರಿ ಸರ, ಅಕೀ ಕೈ ನೋಡ್ರಿ. ಆ ಬಣ್ಣ ಹೋಗೂಮಟ ಅಕೀ ಒಳಗ ಬರೂದ ಬ್ಯಾಡ."

ಹುಡುಗಿ ಸಾಬೂನು ಹಾಕಿ ಕೈ ತಿಕ್ಕಿದಳು, ನಿಂಬೆಹಣ್ಣು ಹಾಕಿ ತಿಕ್ಕಿದಳು. ಆಮೇಲೆ ಪುಸ್ತಕ ಎತ್ತಿಕೊಂಡು ಗ್ರಂಥಾಲಯಕ್ಕೆ ಹೋಗಿ ಕುಳಿತಳು. ಪಾತ್ರೆ ಕೆಡುವುದು ನಿಲ್ಲಲಿಲ್ಲ.

ಶಿವರಾತ್ರಿ ಮುಗಿದ ಮೇಲಿನ ಒಂದು ಭಾನುವಾರ ಶಿವಬಸವ್ವ ತಲೆ ಕೆಟ್ಟು ಇಳಕಲ್ ಬಸ್ಸು ಹತ್ತಿದರು. ತವರಿಗೆ ಹೋದರೆ ಒಂದು ದಿನವಾದರೂ ಆ ಬೂದಿ ನೀರು ಕಣ್ಣಿಗೆ ಬೀಳುವುದಿಲ್ಲವಲ್ಲ! ಬಾಗಿಲಲ್ಲಿ ಕಂಡದ್ದೇ ಬಾಳವ್ವ ಮಗಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ತುಟಿಗಿ ಏನ ಬೇ ಇದು, ಕಪ್ಪ? ಸುಟ್ಟಕೊಂಡೀ ಏನ?"

"ಗೊತ್ತಿಲ್ಲ ಬಿಡಬೇ. ಒಂದ ತಿಂಗಳಾತು, ಹೋಗವಲ್ದು."

ಬೆಳ್ಳಿಯ ಲವಣ ತಾಗಿದ ಚರ್ಮ ಕಪ್ಪಾಗುತ್ತದೆ. ಶಿವಬಸವ್ವನವರ ಬೆರಳ ತುದಿಗಳು ಯಾವಾಗಲೂ ಕಪ್ಪೇ. ತುಟಿಯ ಕಪ್ಪು ಎಲ್ಲಿಂದ ಬಂತೆಂದು ಅವರು ಯೋಚಿಸಿರಲಿಲ್ಲ. ಬೈಯಲು ಇಷ್ಟು ಜನ ಇರುವಾಗ ತಮ್ಮ ತುಟಿಯ ಕಡೆ ನೋಡಲು ಪುರುಸೊತ್ತಾದರೂ ಎಲ್ಲಿತ್ತು?

ತಾಯಿಯ ಸೊಂಟ ಹಿಡಿದುಕೊಂಡಿತ್ತು. ಒಂದಿಷ್ಟು ಹೊತ್ತು ನಾ ನೇಯುತ್ತೇನೆ, ನೀ ಅಡ್ಡಾಗು ಎಂದು ಶಿವಬಸವ್ವ ಮಗ್ಗದ ಕುಣಿಗೆ ಇಳಿದರು. ಕೈ ಮರೆತಿರಲಿಲ್ಲ. ಲಾಳಿ ಅತ್ತಿಂದಿತ್ತ ಓಡಿತು, ಮನಸ್ಸಿನ ಕಾವೂ ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆ ಕಡಿಯಿತು. ನೇಕಾರರ ಮಕ್ಕಳಿಗೆ ಇದನ್ನು ಯಾರೂ ಕಲಿಸುವುದಿಲ್ಲ: ಬೆರಳು ನಾಲಿಗೆಗೆ ಹೋಗಬೇಕು, ಎಂಜಲು ಹಚ್ಚಿದ ಬೆರಳಲ್ಲಿ ಎರಡೂ ತುದಿ ಹೊಸೆಯಬೇಕು, ಎಳೆ ಕೂಡುತ್ತದೆ. ಶಿವಬಸವ್ವ ಹೊಸೆದರು. ಇನ್ನೊಂದು ಎಳೆ ಕಡಿಯಿತು. ಬೆರಳು ಮತ್ತೆ ಬಾಯಿಗೆ ಹೋಯಿತು, ತುಟಿಗೆ ತಾಗಿತು, ಮತ್ತು ಅಲ್ಲೇ ನಿಂತಿತು. ತಾಗಿದ್ದು ಆ ಕಪ್ಪಿನ ಮೇಲೆಯೇ.

ಪ್ರಯೋಗಾಲಯದಲ್ಲಿ ಅಂಟಿಕೊಂಡ ಆ ಹೊಸ ತೆಳು ಕಾಗದ ಬಿಡಿಸಲು ಗ್ಲೌಸ್ ಹಾಕಿದ ಕೈಗೆ ಬರುವುದಿಲ್ಲವೆಂದು ಅವರು ದಿನಾ ಗ್ಲೌಸ್ ತೆಗೆಯುತ್ತಿದ್ದರು. ತೆಗೆದ ಮೇಲೆ ಬೆರಳು ಎಲ್ಲಿಗೆ ಹೋಗುತ್ತಿತ್ತು ಎಂಬುದು ಈಗ ನೆನಪಾಯಿತು. ಎಂಜಲಲ್ಲೂ ಅದೇ ಉಪ್ಪು. ಊರವರ ಸುಣ್ಣ, ಕುಂಕುಮ, ವಿಭೂತಿಯನ್ನೆಲ್ಲ ಬಾಗಿಲಲ್ಲೇ ತಡೆದವರು ತಮ್ಮ ನಾಲಿಗೆಯನ್ನು ಮಾತ್ರ ಒಳಗೆ ಬಿಟ್ಟುಕೊಂಡಿದ್ದರು.

"ಥೂ, ನನ್ನ ಮಾರಿಗಿ ಇಷ್ಟ ಬೆಂಕಿ ಹಾಕಾ!" ಎಂದು ಕುಣಿಯಿಂದ ಮೇಲೆದ್ದರು.

"ಯಾಕ? ಸೀರಿ ಕೆಡಿಸಿದೇನ?" ಬಾಳವ್ವ ಗಾಬರಿಯಾಗಿ ಎದ್ದು ಕುಳಿತರು.

"ಸೀರಿ ಅಲ್ಲಬೇ, ಎಲ್ಲಾನೂ ಕೆಡಿಸೇನಿ. ನಾ ಹೋಗ್ತೇನಿ."

"ಉಂಡಿಲ್ಲ ತಿಂದಿಲ್ಲ, ಅರ್ಧಾ ಮಗ್ಗ ಬಿಟ್ಟ ಎಲ್ಲಿ ಓಡ್ತಿ? ಇಂಥಾ ಹುಚ್ಚ ಮಗಳ್ನ ಯಾಕರೆ ಓದಿಸಿದ್ನೋ!" ಬಾಳವ್ವನ ಬೈಗುಳ ಓಣಿಯ ತಿರುವಿನವರೆಗೂ ಬೆನ್ನು ಹತ್ತಿತು.

ಬಸ್ಸು ಹುನಗುಂದ ದಾಟುವಾಗ ಕಂಡಕ್ಟರ್ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಟಿಕೆಟ್ ಹರಿದು ಕೊಟ್ಟ. ಶಿವಬಸವ್ವ ಅದನ್ನೇ ನೋಡುತ್ತ ಕುಳಿತರು. ಬೈಯಬೇಕೆಂದು ಬಾಯಿ ತೆರೆದವರು ಮುಚ್ಚಿಕೊಂಡರು. ಈಗ ಯಾವ ಮುಖ ಇಟ್ಟುಕೊಂಡು ಬೈಯುವುದು? ಎದುರಿನ ಸೀಟಿನವರು ಎಂಜಲು ಹಚ್ಚಿ ನೋಟು ಎಣಿಸುತ್ತಿದ್ದರು, ಪಕ್ಕದ ಅಜ್ಜ ಎಂಜಲು ಹಚ್ಚಿ ಪಂಚಾಂಗ ತಿರುವುತ್ತಿದ್ದ. ನಾಡಿಗೆ ನಾಡೇ ಬೆರಳು ನೆಕ್ಕುತ್ತದೆ. ಆದರೆ ಅದು ಅವರಿಗೆ ಸಮಾಧಾನ ಕೊಡಲಿಲ್ಲ, ಬೆಳ್ಳಿಯ ಪಾತ್ರೆ ಕೆಡಿಸಿದ್ದು ತಮ್ಮ ಬೆರಳೊಂದೇ.

ಸುಮ್ಮನಿದ್ದುಬಿಡಬಹುದಿತ್ತು. ಸೋಮವಾರದಿಂದ ಚಿಮಟದಲ್ಲಿ ಕಾಗದ ಎತ್ತಿದ್ದರೆ ನೀರು ತಾನೇ ಹಳದಿಯಾಗುತ್ತಿತ್ತು, ಮದರಂಗಿಯ ಮೇಲೆ ಬಂದ ಮಾತು ಮದರಂಗಿಯ ಮೇಲೆಯೇ ಉಳಿಯುತ್ತಿತ್ತು. ಹುಡುಗಿಯ ಕೈಯಿಂದ ಪಾತ್ರೆಗೆ ಹತ್ತಿದ್ದ ಬಣ್ಣ ಕೊನೆಗೂ ತೊಳೆದುಹೋಯಿತು ಎಂದು ಎಲ್ಲರೂ ನಂಬುತ್ತಿದ್ದರು. ಆ ಯೋಚನೆ ಬಂದಿತ್ತೇ ಎಂದು ಕೇಳಿದರೆ ಶಿವಬಸವ್ವ ಸುಳ್ಳು ಹೇಳುವುದಿಲ್ಲ. "ಬಂದಿತ್ರಿ. ಹುನಗುಂದದಿಂದ ಬಾಗಲಕೋಟಿಮಟ ಅದ ಯೋಚನಿ. ಬಸ್ ಇಳದ ಮ್ಯಾಲ ನನಗ ನನ್ನ ಮ್ಯಾಲೇ ಹೇಸಿಗಿ ಬಂತು."

ಸೋಮವಾರ ಬೆಳಿಗ್ಗೆ ಅವರೇ ಗ್ರಂಥಾಲಯಕ್ಕೆ ಹೋಗಿ ಶಹರಬಾನುವನ್ನು ಕರೆತಂದರು. ತಿಮ್ಮಣ್ಣನವರನ್ನೂ ನಿಲ್ಲಿಸಿಕೊಂಡರು. ಒಂದು ಕಾಗದವನ್ನು ಚಿಮಟದಲ್ಲಿ ಎತ್ತಿಟ್ಟರು. ಇನ್ನೊಂದಕ್ಕೆ, ಎಲ್ಲರೂ ನೋಡುತ್ತಿರುವಂತೆ, ಬೆರಳನ್ನು ನಾಲಿಗೆಗೆ ಚೆನ್ನಾಗಿ ಒತ್ತಿ ಹಚ್ಚಿದರು.

"ಏ ಶಿವಬಸವ್ವಾ, ಏನಿದು! ಆ ಬೆರಳ ತುಂಬ ಬೆಳ್ಳಿ ಐತಿ, ಹೊಟ್ಟಿಗೆ ಹೋದ್ರ ಏನ ಗತಿ?" ತಿಮ್ಮಣ್ಣ ಕೂಗಿದರು.

"ಎರಡ ತಿಂಗಳಿಂದ ಹೋಗಾಕತ್ತೈತ್ರಿ ಸರ. ಈಗ ಸುಮ್ಕ ನೋಡ್ರಿ."

ಎರಡರಲ್ಲೂ ಬೆಳ್ಳಿಯ ನೀರು ಸೋಸಿದರು. ಒಂದರಿಂದ ತಿಳಿನೀರು ಇಳಿಯಿತು. ಇನ್ನೊಂದರ ಗಾಜಿನಲ್ಲಿ, ನೀರಿಗೆ ಒಂದು ಹನಿ ಹಾಲು ಬಿದ್ದಂತೆ, ಬಿಳಿ ಮೋಡ ಎದ್ದಿತು. ಕುದಿಸಿದ ಮೇಲೆ ಒಂದು ಹಳದಿ, ಒಂದು ಬೂದಿ.

"ಎರಡ ತಿಂಗಳ ನಾ ನೀರಿನ ಬೆನ್ನ ಹತ್ತಿದ್ನಲ್ಲಬೇ!" ಎಂದು ತಿಮ್ಮಣ್ಣ ಸ್ಟೂಲಿನ ಮೇಲೆ ಕೂತರು. ಶಿವಬಸವ್ವ ಅವರ ಕಡೆ ನೋಡಲಿಲ್ಲ. ಹುಡುಗಿಯ ಎದುರು ಬಂದು ನಿಂತರು.

"ಶಹರಬಾನೂ, ನಿನ್ನ ಕೈದೇನೂ ತಪ್ಪಿದ್ದಿಲ್ಲ. ನಾಕ ಮಂದ್ಯಾಗ ಅಂದಿದ್ದೆ, ಅದಕ್ಕ ಈಗೂ ಸರ ಮುಂದ ಹೇಳಾಕತ್ತೇನಿ. ತಪ್ಪ ನಂದು."

ಶಹರಬಾನು ತನ್ನ ಅಂಗೈ ನೋಡಿಕೊಂಡಳು. ತಿಕ್ಕಿ ತಿಕ್ಕಿ ಚರ್ಮ ಒಡೆದಿತ್ತು, ಮದರಂಗಿಯ ಗುರುತೂ ಉಳಿದಿರಲಿಲ್ಲ. "ನಿಂಬಿಹಣ್ಣ ಭಾಳ ಉರೀತಿತ್ತು ಅಕ್ಕಾ" ಎಂದಳು. ಆಮೇಲೆ ಕೋಟು ಹಾಕಿಕೊಂಡು ಪಾತ್ರೆ ತೊಳೆಯಲು ನಿಂತಳು. ಅವಳು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದು ಶಿವಬಸವ್ವನವರಿಗೆ ಇವತ್ತಿಗೂ ಅನಿಸುತ್ತದೆ.

ಮುಂದಿನ ದಿನಗಳು ಗಡಿಬಿಡಿಯವು. ಹಳದಿ ನೀರು ದಿನಾ ಹಳದಿಯಾಗಿಯೇ ಬಂತು. ಕರೆಂಟು ಮಾತ್ರ ಕಾಡುವುದು ಬಿಡಲಿಲ್ಲ. ಶಾಯಿ ಗಟ್ಟಿ ಮಾಡುವಾಗ ಯಂತ್ರ ನಡುವೆಯೇ ನಿಂತು, ಮೂವರೂ ವಿದ್ಯುತ್ ಕಚೇರಿಯ ಏಳು ತಲೆಮಾರನ್ನು ನೆನೆದದ್ದೂ ಆಯಿತು. ಅಂತೂ ಪಟ್ಟಿಗಳು ಯುಗಾದಿಗೆ ಮೊದಲೇ ಹತ್ತಿಯಲ್ಲಿ ಸುತ್ತಿಕೊಂಡು ಹೊರಟವು. ತಿಮ್ಮಣ್ಣನವರ ಜೀಪು ಗೇಟು ದಾಟಿದ ಮೇಲೆ ಶಿವಬಸವ್ವ ಸೆರಗಿನ ಗಂಟಿನಿಂದ ಮದರಂಗಿಯ ಕೋನು ತೆಗೆದು ಹುಡುಗಿಯ ಕೈಗಿಟ್ಟರು. "ಇವತ್ತ ಹಚ್ಚಗೋ. ಎರಡೂ ಕೈಗೆ. ಯಾರರೆ ಏನರೆ ಅಂದ್ರ ನನಗ ಹೇಳು."

ಈಗ ಸ್ಥಾವರದವರು ಮತ್ತಷ್ಟು ಪಟ್ಟಿ ಕೇಳಿದ್ದಾರೆ. ಒಳಗೆ ಕೂತ ಬೆಳ್ಳಿಗೆರೆ ಬಿಸಿಯ ಸುದ್ದಿಯನ್ನು ಸರಿಯಾಗಿ ಹೊರಗೆ ಕಳಿಸುತ್ತಿದೆಯಂತೆ. ಕಾಲೇಜಿನಲ್ಲಿ ಸನ್ಮಾನ ನಡೆಯಿತು. ಶಾಲು ತಿಮ್ಮಣ್ಣನವರಿಗೆ ಹೊದಿಸಿದರು. ಶಿವಬಸವ್ವನವರನ್ನು ಕುರ್ಚಿ ಒರೆಸಲು ಕರೆದಿದ್ದರು, "ನನ್ನ ಪಾತ್ರಿ ಕುದಿಯಾಕತ್ತೈತಿ" ಎಂದು ಅವರು ಹೋಗಲಿಲ್ಲ. ಅದರ ಬಗ್ಗೆ ಕೇಳಿದರೆ ರೇಗುತ್ತಾರೆ. "ಶಾಲ್ ತಗೊಂಡ ಏನ ಮಾಡ್ಲಿ? ಅದರ ಎಳಿ ಉದರತಾವು, ಒಳಗ ತರಾಕೂ ಬರಂಗಿಲ್ಲ."

ಬೆಳಕು ಹರಿದಿದೆ. ಪಾತ್ರೆಯಲ್ಲಿ ಹಳದಿ ಮೂಡತೊಡಗಿದೆ. ಶಿವಬಸವ್ವನವರ ಕೊರಳಲ್ಲಿ ಈಗ ಒಂದು ಚಿಮಟ ತೂಗುತ್ತದೆ, ಬಾಳವ್ವ ಕೊಟ್ಟ ಕೆಂಪು ರೇಷ್ಮೆ ದಾರದಲ್ಲಿ. ಕಾಗದ ಎತ್ತುವಾಗ ಬಲಗೈ ಇಂದಿಗೂ ಒಮ್ಮೆ ಬಾಯಿಯ ಕಡೆ ಹೊರಡುತ್ತದೆ. ಅರ್ಧ ದಾರಿಯಲ್ಲಿ ಅದನ್ನು ಹಿಡಿದು, ಬೈದು, ಚಿಮಟದ ಕಡೆ ತಿರುಗಿಸುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ, ಆ ಪಟ್ಟಿ ಕೂತ ಜಾಗವನ್ನು ಒಮ್ಮೆ ನೋಡಬೇಕಿತ್ತು ಎನ್ನುತ್ತಾರೆ, ಮರುಕ್ಷಣ ತಾವೇ ಬೇಡವೆನ್ನುತ್ತಾರೆ.

"ಬ್ಯಾಡ್ರಿ, ನೋಡೂದೂ ಬ್ಯಾಡ. ಬಾಗಲಾ ಹಾಕ್ಯಾರಂತ, ಒಳಗ ಯಾರೂ ಹೋಗಂಗಿಲ್ಲಂತ. ಸುಣ್ಣದ ಕೈ ಇಲ್ಲ, ಕುಂಕುಮ ಇಲ್ಲ, ಯಾರೂ ಬೆರಳ ಹಚ್ಚಂಗಿಲ್ಲ. ನಾನೂ ಸೈತ. ನನ್ನ ಬೆಳ್ಳಿ ಅಲ್ಲಿ ಆರಾಮ ಐತ್ರಿ."